ಪರದೆ ತೆಗೆದ ಮೇಲೆ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಮೆರಿಕದಲ್ಲಿ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟದಲ್ಲಿ ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವಾಗಿ ಅದರೊಳಗೆ ಇಳಿಯುತ್ತಾರೆ. ಬೀಸಿದ ಕತ್ತಿ ತಾಗಿತೋ ಇಲ್ಲವೋ ಎನ್ನುವುದನ್ನು 20 ಮುಖದ ದಾಳ ಹೇಳುತ್ತದೆ.

ಕತೆ ನಡೆಸುವವರ ಮುಂದೆ ಸಾಮಾನ್ಯವಾಗಿ ರಟ್ಟಿನ ಪರದೆಯೊಂದು ಇರುತ್ತದೆ. ಅದರ ಹಿಂದೆ ಬಿದ್ದ ದಾಳ ಅವರಿಗಷ್ಟೇ ಕಾಣುವುದು. ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಒಂದೇ ಏಟಿಗೆ ಸಾಯುವಂತಿದ್ದರೆ, ಬಿದ್ದ 20ನ್ನು 9 ಎಂದುಬಿಡಬಹುದು. ಗೈಗ್ಯಾಕ್ಸ್ 1979ರ ಕೈಪಿಡಿಯಲ್ಲಿ ದಾಳವನ್ನು ಮೀರುವ ಹಕ್ಕನ್ನು ಕತೆ ನಡೆಸುವವರಿಗೆ ಕೊಟ್ಟೇ ಇದ್ದರು. ನಮಗೆ ಅದು ಒಪ್ಪಿಗೆಯಾಗಲಿಲ್ಲ. ಇಂಥ ಕರುಣೆ ಹೆಚ್ಚಾಗಿ ಸಿಗುವುದು ಹತ್ತಿರದ ಗೆಳೆಯನಿಗೆ, ಇಲ್ಲವೇ ಜೋರು ಬಾಯಿಯವನಿಗೆ. ಮೂಲೆಯಲ್ಲಿ ತೆಪ್ಪಗೆ ಕೂತವಳ ಪಾತ್ರ ಮಾತ್ರ ನಿಯಮದ ಪ್ರಕಾರವೇ ಸಾಯುತ್ತದೆ!

ಹಾಗಾಗಿ ನಾವು ಪರದೆ ತೆಗೆದು, ಎಲ್ಲ ದಾಳಗಳನ್ನೂ ಮೇಜಿನ ನಡುವೆಯೇ ಉರುಳಿಸತೊಡಗಿದೆವು. ಇನ್ನೊಬ್ಬರ ಸರದಿಯಲ್ಲಿ ಬಾಯಿ ಹಾಕುವಂತಿಲ್ಲ ಎಂದೂ ಗೊತ್ತುಮಾಡಿಕೊಂಡೆವು.

ಮೊದಲ ವಾರವೇ ಎಲ್ಲರ ಅಚ್ಚುಮೆಚ್ಚಿನ ಮಾಂತ್ರಿಕ ಸತ್ತ. ಅವನನ್ನು ಆಡಿಸುತ್ತಿದ್ದ ಗೆಳೆಯ ಮುಖ ಊದಿಸಿಕೊಂಡು ಚಹಾ ಕುಡಿಯಲು ಎದ್ದುಹೋದ. ದಾಳ ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ. ವಾಪಸ್ ಬಂದವನು ಅದನ್ನೊಮ್ಮೆ ನೋಡಿ, ಹೊಸ ಪಾತ್ರಕ್ಕೊಂದು ಹಾಳೆ ಕೇಳಿದ.