ಒಂದು ಕೈಗೆ ಒಗ್ಗುವ ಚೈನು

ಮಾಮೂಲ್‌ಪೇಟೆಗೆ ಹೊರಟರೆ ನನಗೆ ಅರ್ಧ ದಿನ ಬೇಕು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ತಳ್ಳುಗಾಡಿ, ಸ್ಕೂಟರು, ಮೂಟೆ ಹೊತ್ತವರ ನಡುವೆ ಮೈ ಓರೆ ಮಾಡಿಕೊಂಡು ನಡೆದರೆ ಗುಂಡಿ, ಲೇಸು, ಬಕಲ್, ಮಣಿಗಳ ಅಂಗಡಿಗಳು. ಒಂದೊಂದರ ಮುಂದೂ ನಿಂತು ನೋಡುವುದೇ ಒಂದು ಸುಖ. ಅಲ್ಲಿ ಜಿಪ್ ಎಂದರೆ ಚೈನು, ಅದರ ಮೇಲೆ ಓಡುವ ಪುಟ್ಟ ಬಂಡಿ ರನ್ನರು. ರೋಲಿನಲ್ಲಿ ಸುತ್ತಿಟ್ಟ ಚೈನು ಮೀಟರ್ ಲೆಕ್ಕದಲ್ಲಿ, ರನ್ನರು ಎಣಿಕೆಯಲ್ಲಿ.

"ಎಷ್ಟು ನಂಬರು?" ಅಂಗಡಿಯವರ ಮೊದಲ ಪ್ರಶ್ನೆ ಇದೇ. ಮುಚ್ಚಿದ ಹಲ್ಲುಸಾಲಿನ ಅಗಲ ಸುಮಾರು ಎಷ್ಟು ಮಿಲಿಮೀಟರೋ ಅದೇ ನಂಬರು. ದಿಂಬಿನ ಕವರಿಗೆ 3, ಬ್ಯಾಗಿಗೆ 5, ದೊಡ್ಡ ಸೂಟ್‌ಕೇಸಿಗೆ 8 ಅಥವಾ 10.

ಈ ಸಲ ನಾನು ಹೋದದ್ದು ಚಾಮರಾಜಪೇಟೆಯ ಸೋದರತ್ತೆಗಾಗಿ. ಲಕ್ವ ಹೊಡೆದ ಮೇಲೆ ಅವರ ಎಡಗೈ ಸ್ವಾಧೀನದಲ್ಲಿಲ್ಲ. ಉಳಿದೆಲ್ಲವನ್ನೂ ಬಲಗೈಯಲ್ಲೇ ನಿಭಾಯಿಸುವ ಅತ್ತೆ, ಸ್ವೆಟರಿನ ಚೈನಿಗೆ ಮಾತ್ರ ಇನ್ನೊಬ್ಬರನ್ನು ಕರೆಯಬೇಕಿತ್ತು. ಆ ಕರೆಯಲ್ಲಿದ್ದ ಸಂಕೋಚ ನನ್ನನ್ನು ಕಾಡುತ್ತಿತ್ತು.

ಸ್ವೆಟರಿನ ಬುಡವನ್ನು ಹತ್ತಿರದಿಂದ ನೋಡಿ. ಒಂದು ಅಂಚಿನಲ್ಲಿ ಸಣ್ಣ ಕಡ್ಡಿ, ಇನ್ನೊಂದರಲ್ಲಿ ಪುಟ್ಟ ಗೂಡು. ಗೂಡನ್ನು ಒಂದು ಕೈ ಹಿಡಿಯಬೇಕು, ಕಡ್ಡಿಯನ್ನು ಇನ್ನೊಂದು ಕೈ ತೂರಿಸಬೇಕು. ಕಷ್ಟವೆಲ್ಲ ಆ ಒಂದಂಗುಲದಲ್ಲಿದೆ. ಗಿಡಿಯನ್ ಸುಂಡ್‌ಬ್ಯಾಕ್ ಎಂಬವರು 1913ರಲ್ಲಿ ಹಲ್ಲಿಗೆ ಹಲ್ಲು ಕೂರುವ ಚೈನು ರೂಪಿಸಿದರು. 1917ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆದರೂ ಒಂದು ಕೈಯವರ ಪಾಲಿಗೆ ಆ ಅಂಗುಲ ಹಾಗೇ ಉಳಿಯಿತು. ಸ್ಕಾಟ್ ಪೀಟರ್ಸ್ ಎಂಬ ಎಂಜಿನಿಯರ್ ಸ್ನಾಯುರೋಗದಿಂದ ಬಳಲುತ್ತಿದ್ದ ತಮ್ಮ ಬಂಧುವಿಗಾಗಿ ಬುಡದ ಎರಡೂ ತುದಿಗೆ ಅಯಸ್ಕಾಂತ ಕೂರಿಸಿದರು. ತುದಿಗಳು ಹತ್ತಿರ ಬಂದರೆ ಸಾಕು, ತಾವೇ ಸೆಳೆದುಕೊಂಡು ಜೋಡಿಯಾಗುತ್ತವೆ. 2014ರಲ್ಲಿ ಅಂಡರ್ ಆರ್ಮರ್ ಕಂಪನಿಯ ಜಾಕೆಟ್‌ಗಳಲ್ಲಿ ಅದು ಮಾರುಕಟ್ಟೆಗೆ ಬಂತು.

ಅಂಥದ್ದನ್ನು ನಾಲ್ಕು ಅಂಗಡಿಗಳಲ್ಲಿ ಕೇಳಿದೆ. ಇರಲಿಲ್ಲ. ಐದನೆಯ ಅಂಗಡಿಯ ಹಿರಿಯರು ಅತ್ತೆಯ ವಿಷಯ ಕೇಳಿ, "ಅವರು ಎದೆ ಪೂರ್ತಿ ಯಾಕೆ ಬಿಚ್ಚಬೇಕು? ಕೆಳಗೆ ಹೊಲಿದುಬಿಡಿ, ನೈಟಿ ಹಾಗೆ ತಲೆಯಿಂದ ಹಾಕಿಕೊಳ್ಳಲಿ" ಎಂದರು. ರೋಲಿನಿಂದ 5 ನಂಬರಿನ ಚೈನು ಕತ್ತರಿಸಿದರು. ರನ್ನರಿಗೆ ಒಂದು ಕಡೆ ಎರಡು ಬಾಯಿ, ಇನ್ನೊಂದು ಕಡೆ ಒಂದೇ. ಎರಡು ಅಂಚುಗಳನ್ನು ಎರಡು ಬಾಯಿಗೆ ಸಮನಾಗಿ ಕೊಟ್ಟು ಎಳೆದರು. ಹಲ್ಲುಗಳು ಸರ್ರನೆ ಹೆಣೆದುಕೊಂಡವು. ಹಿಡಿಯಲು ಬೆರಳು ತೂರುವಷ್ಟು ಅಗಲದ ಒಂದು ರಿಂಗನ್ನೂ ಸಿಕ್ಕಿಸಿಕೊಟ್ಟರು.

ನಮ್ಮ ದರ್ಜಿ ಹಳೆಯ ಚೈನು ಬಿಚ್ಚಿ, ಹೊಸದನ್ನು ಎದೆಯ ನಡುವಿನವರೆಗೆ ಇಟ್ಟು, ಅಲ್ಲಿಂದ ಕೆಳಗೆ ಗಟ್ಟಿಯಾಗಿ ಹೊಲಿದರು. ಈಗ ಅತ್ತೆ ಕುರ್ಚಿಯಲ್ಲಿ ಕೂತು, ಸ್ವೆಟರಿನ ಅಂಚನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ರಿಂಗಿಗೆ ತೋರುಬೆರಳು ಹಾಕಿ ಮೇಲಕ್ಕೆ ಎಳೆಯುತ್ತಾರೆ. ಯಾರನ್ನೂ ಕರೆಯುವುದಿಲ್ಲ.

ಹೊಸ ಚೈನಿನಿಂದ ಏನುಪಯೋಗ ಎಂದು ಯಾರಾದರೂ ಕೇಳಿದರೆ, ನಾನು ಅತ್ತೆಯ ಆ ಬೆರಳನ್ನು ನೆನೆಯುತ್ತೇನೆ. ಅಯಸ್ಕಾಂತದ ಚೈನೂ ನಮ್ಮ ಪೇಟೆಗೆ ಬರಲಿ. ಗಿರಾಕಿ ಕೇಳಿದ್ದನ್ನೇ ಅಂಗಡಿ ತರಿಸುವುದು. ಮುಂದಿನ ಸಲ ಮಾಮೂಲ್‌ಪೇಟೆಗೆ ಹೋದಾಗ ನೀವೂ ಒಂದು ಮಾತು ಕೇಳಿ: "ಒಂದೇ ಕೈಯಲ್ಲಿ ಹಾಕುವ ಚೈನು ಇದೆಯೇ?"