ನೂಲುವ ಕೈ, ಹೆಣೆಯುವ ಕೈ

ಕಳೆದ ಜೂನ್ ತಿಂಗಳಿನಿಂದ ನಾವು ವೃದ್ಧೆಯಾದ ನಮ್ಮ ತಾಯಿಯವರಿಗೋಸ್ಕರ ಒಂದು ಸ್ವೆಟರನ್ನು ಹೆಣೆಯುತ್ತಿದ್ದೇವೆ. ಅದರ ತೋಳು ಇನ್ನೂ ಕಡ್ಡಿಯ ಮೇಲಿರುವಾಗಲೇ ನಾವು ಕದಿರನ್ನು ಕೈಗೆತ್ತಿಕೊಂಡುದನ್ನು ಕಂಡು, ಹಿಡಿದ ಕೆಲಸವನ್ನು ಮುಗಿಸದೆ ಮತ್ತೊಂದಕ್ಕೆ ಕೈಯಿಡುವುದು ಉಪಾಧ್ಯಾಯಿನಿಗೆ ಉಚಿತವೇ ಎಂದು ಕೆಲವರು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತುಗಳು.

ಮಂಡ್ಯದ ಪೇಟೆಯಲ್ಲಿ ಉಲ್ಲನ್ ಎಂದು ಕೊಳ್ಳುವ ನೂಲು ಎಷ್ಟೋ ವೇಳೆ ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯಾದರೋ ಮಾಂಸಕ್ಕೆ ಪ್ರಸಿದ್ಧವಾದುದು. ಅದರ ಮೈಮೇಲಿರುವುದು ಒರಟು ಕೂದಲು. ಕಂಬಳಿಗೆ ಒದಗುವುದು ದಖ್ಖನಿ ಕುರಿಯ ಉಣ್ಣೆ. ಕುರುಬರ ಮನೆಗಳಲ್ಲಿ ಹೆಂಗಸರು ಅದನ್ನು ನೂಲುವರು, ಗಂಡಸರು ನೇಯುವರು. ಹಾಸಿನ ನೂಲಿಗೆ ಹುಣಿಸೆಬೀಜದ ಗಂಜಿಯನ್ನು ಹಚ್ಚುವರು.

ನಮಗೆ ನೂಲಲು ಕಲಿಸಿದವರು ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳ ಅಜ್ಜಿ. ಅವರಿಗೆ ಓದುಬರಹ ತಿಳಿಯದು. "ಎಳೀಬ್ಯಾಡಿ ಅಮ್ಮಾರೆ, ಬುಡಿ, ಅದಾಗದೇ ಬತ್ತದೆ" ಎಂಬುದೇ ಅವರ ಮೊದಲನೆಯ ಪಾಠ. ಹುರಿ ಕಡಮೆಯಾದರೆ ಎಳೆ ಬಿಚ್ಚಿಹೋಗುವುದು; ಅತಿಯಾದರೆ ಸುರುಳಿಗಟ್ಟಿ, ಹೆಣೆದ ಬಟ್ಟೆ ಓರೆಯಾಗುವುದು. ಆದುದರಿಂದ ಎರಡು ಎಳೆಗಳನ್ನು ನೂತ ದಿಕ್ಕಿಗೆ ವಿರುದ್ಧವಾಗಿ ತಿರುಗಿಸಿ ಕೂಡಿಸುವರು; ಆಗ ಒಂದರ ಬಿಗುವನ್ನು ಮತ್ತೊಂದು ತಡೆಯುವುದು. ಇಪ್ಪತ್ತು ವರ್ಷ ಹೆಣೆದ ನಮಗೆ ನೂಲಿನ ಈ ಒಳಗುಟ್ಟನ್ನು ತಿಳಿಸಿದುದು ಕದಿರೇ.

ಈಗ ಕಲಾನೂಲು ಎಂಬುದೊಂದುಂಟು. ಒಂದೆಡೆ ದಪ್ಪವಾಗಿ ಒಂದೆಡೆ ತೆಳುವಾಗಿ ನೂಲುವುದು, ತೆಳು ದಾರದ ಮೇಲೆ ದಪ್ಪ ಎಳೆಯನ್ನು ಸುರುಳಿಸುತ್ತುವುದು, ಬಣ್ಣದ ಎಳೆಗಳ ಚೂರುಗಳನ್ನು ನಡುನಡುವೆ ಸೇರಿಸುವುದು, ಇವೇ ಅದರ ರೀತಿಗಳು. ಹೊಸಬರ ನೂಲು ತಾನಾಗಿಯೇ ಗಂಟುಗಂಟಾಗುವುದಲ್ಲವೇ, ಅದೇ ಕಲೆಯಾಯಿತಲ್ಲ ಎಂದು ನಮ್ಮ ಹುಡುಗಿಯರು ನಗುವರು. ಹಾಗಲ್ಲ. ಸಮನಾಗಿ ನೂಲಬಲ್ಲ ಕೈಯೇ ಬೇಕಾದೆಡೆಯಲ್ಲಿ ಗಂಟನ್ನಿಡಬಲ್ಲದು. ಅಜ್ಜಿಯು ಆ ಮಾದರಿಯನ್ನು ಒಂದು ಸಲ ನೋಡಿದರು. ಮರುಗಳಿಗೆಯೇ ನೂತು ತೋರಿಸಿದರು.

1931ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಧ್ವಜದ ನಡುವೆ ರಾಟೆಯಿದ್ದಿತು. 1938ರಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ನಡೆದ ಸತ್ಯಾಗ್ರಹವು ಧ್ವಜಾರೋಹಣದ ಹಕ್ಕಿಗಾಗಿಯೇ. ರಾಟೆಯು ಧ್ವಜವನ್ನೇರಿ ಪೂಜ್ಯವಾಯಿತು. ಕುರುಬರ ಮನೆಯ ಕದಿರಾದರೋ ಮೂಲೆಯಲ್ಲಿಯೇ ಉಳಿಯಿತು. ಮೇಲೆ ಹೇಳಿದ ಬಾಲಕಿಯು ತನ್ನ ಅಜ್ಜಿಯ ಕಸಬನ್ನು ಗೆಳತಿಯರೊಡನೆ ಹೇಳಲು ನಾಚುತ್ತಿದ್ದಳು. ಮುಖ್ಯೋಪಾಧ್ಯಾಯಿನಿಯು ಚಾಪೆಯ ಮೇಲೆ ಕುಳಿತು ಆ ಅಜ್ಜಿಗೆ ಶಿಷ್ಯೆಯಾದುದನ್ನು ತರಗತಿಯೆಲ್ಲವೂ ಕಂಡ ಮೇಲೆ ಆ ನಾಚಿಕೆ ನಿಂತಿತು. ಈಗ ಶನಿವಾರಗಳಲ್ಲಿ ಹುರಿ ಹದವಾಗಿದೆಯೇ ಎಂದು ನಮ್ಮ ನೂಲನ್ನು ಪರೀಕ್ಷಿಸುವವಳು ಅವಳೇ.

ಇರುಳಲ್ಲಿ ಹೆಣಿಗೆ, ಶನಿವಾರ ನೂಲು, ಹೀಗೆ ಎರಡೂ ನಡೆಯುತ್ತಿವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿನಂತಿಯಿಷ್ಟೆ: ನಿಮ್ಮ ಮನೆಯ ಹಿರಿಯರ ಕೈಯಲ್ಲಿ ಯಾವ ವಿದ್ಯೆಯಿದೆಯೆಂದು ವಿಚಾರಿಸಿರಿ, ಅವರು ಇರುವಾಗಲೇ ಅವರ ಬಳಿ ಕುಳಿತು ಕಲಿಯಿರಿ.