ಕರಟದೊಳಗಿನ ಸಂಸಾರ

ಮೀನು ತನ್ನ ಮರಿಗಳನ್ನು ಬರಿಯ ನೋಟದಿಂದಲೇ ಪೋಷಿಸುವುದೆಂದೂ, ಆಮೆಗೆ ದೂರದಿಂದ ನೆನೆದರೆ ಸಾಕೆಂದೂ, ಹಕ್ಕಿಯು ಮಾತ್ರ ಮೈಯ ಕಾವನ್ನು ಕೊಡಬೇಕಾಗುವುದೆಂದೂ ನಮ್ಮಲ್ಲಿ ಒಂದು ಹಳೆಯ ನಂಬಿಕೆಯುಂಟು. ಗುರುವಿನ ಅನುಗ್ರಹವು ಮೂರು ವಿಧವೆಂಬುದಕ್ಕೆ ಪಾಠಶಾಲೆಯಲ್ಲಿ ನಮಗೆ ಇದನ್ನೇ ದೃಷ್ಟಾಂತವಾಗಿ ಹೇಳುತ್ತಿದ್ದರು. ದೃಷ್ಟಾಂತವು ದಾರ್ಷ್ಟಾಂತಿಕಕ್ಕೆ ಒಪ್ಪಿದರೆ ಸಾಕು. ಮೀನು ನಿಜವಾಗಿ ಹಾಗೆ ಮಾಡುವುದೋ ಇಲ್ಲವೋ ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಕೆರೆ ಹೊಳೆಗಳ ಮೀನುಗಳಲ್ಲಿ ಬಹುಭಾಗವು ನೀರಿನಲ್ಲಿ ಮೊಟ್ಟೆಗಳನ್ನು ಚೆಲ್ಲಿ ತಮ್ಮ ದಾರಿಯನ್ನು ಹಿಡಿಯತಕ್ಕವು. ಅವುಗಳ ವಿಷಯದಲ್ಲಿ ಈ ಮಾತು ಸಲ್ಲದು. ಆದರೆ ಸಿಕ್ಲಿಡ್ ಎಂಬ ಒಂದು ಮತ್ಸ್ಯಕುಲದಲ್ಲಿ ಅದು ಅಕ್ಷರಶಃ ಅಲ್ಲದಿದ್ದರೂ ಅದಕ್ಕೆ ತೀರ ಸಮೀಪವಾಗಿ ಸಲ್ಲುವುದೆಂಬುದನ್ನು, ಅಧ್ಯಾಪನದಿಂದ ನಿವೃತ್ತನಾದ ಮೇಲೆ, ತುಮಕೂರಿನ ನಮ್ಮ ಮನೆಯ ನಡುಮನೆಯಲ್ಲಿಟ್ಟ ಗಾಜಿನ ತೊಟ್ಟಿಯೊಂದರ ಮುಂದೆ ಕುಳಿತು ತಿಳಿದುಕೊಂಡೆನು.

ಈ ಕುಲದಲ್ಲಿ 1,600ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳ ಮುಖ್ಯ ನೆಲೆ ಆಫ್ರಿಕ ಮತ್ತು ದಕ್ಷಿಣ ಹಾಗೂ ಮಧ್ಯ ಅಮೆರಿಕಗಳು. ನಮ್ಮ ದೇಶಕ್ಕೆ ಸ್ವಂತವಾದವು ಮೂರೇ ಮೂರು. ಅವುಗಳಲ್ಲೊಂದು ದಕ್ಷಿಣ ಕನ್ನಡದ ಹೊಳೆಗಳಲ್ಲಿರತಕ್ಕದ್ದು. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸನು 1877ರಲ್ಲಿ ಅದನ್ನು ವರ್ಣಿಸಿ, ಆ ಸೀಮೆಯ ಹೆಸರನ್ನೇ ಅದಕ್ಕಿಟ್ಟು, ಕೆನರೆನ್ಸಿಸ್ ಎಂದು ಕರೆದನು. ಇನ್ನೊಂದು ಕರಾವಳಿಯ ಹಿನ್ನೀರಿನ ಕಿತ್ತಳೆ ಬಣ್ಣದ ಪುಟ್ಟ ಮೀನು. ಇದರ ಮರಿಗಳು ತಾಯಿತಂದೆಗಳ ಪಕ್ಕೆಗೆ ಮುತ್ತಿ ಚರ್ಮದ ಮೇಲಣ ಲೋಳೆಯನ್ನು ಚೀಪುವುದನ್ನು ಶಾಸ್ತ್ರಜ್ಞರು ಕಂಡು ಬರೆದಿದ್ದಾರೆ. ಮೊಲೆಹಾಲಿಗೆ ಇಷ್ಟು ಹತ್ತಿರ ಬಂದ ಮೀನು ನಮ್ಮ ನೆರೆಯಲ್ಲೇ ಇರಲು, ಅಂಗಡಿಗಳಲ್ಲಿ ಅದನ್ನು ಕೇಳುವವರೇ ಇಲ್ಲವೆಂಬುದು ವಿಷಾದದ ಸಂಗತಿ. ನನಗೂ ಅದು ದೊರೆಯಲಿಲ್ಲ. ದೊರೆತುದು ಅಮೆಜಾನ್ ನದಿಯ ಮೇಲ್ಭಾಗದ ಪೆರು ದೇಶದ್ದು; ಕಾಡಿನೊಳಗೆ ತರಗೆಲೆ ತುಂಬಿದ ಆಳವಿಲ್ಲದ ತೊರೆಗಳಲ್ಲಿ ವಾಸಿಸತಕ್ಕದ್ದು. ಅದರ ಹೆಸರು ಆಪಿಸ್ಟೋಗ್ರಾಮಾ ಕಕಟೂಯ್ಡಿಸ್.

ಬಾಯಿ ಹೊರಳದ ಈ ಹೆಸರನ್ನು ಬಿಡಿಸಿ ನೋಡಿದರೆ ಸೊಗಸಾಗಿದೆ. ಪೂರ್ವಪದವು ಗ್ರೀಕ್ ಭಾಷೆಯದು: ಮೀನುಗಳ ಪಕ್ಕೆಯ ಮೇಲೆ ಓಡುವ ರೇಖೆಯು ಇದರಲ್ಲಿ ನಡುವೆ ಮುರಿದಿರುವುದರಿಂದ ‘ನೆಚ್ಚಲಾಗದ ರೇಖೆಯುಳ್ಳದ್ದು’ ಎಂದು ಅರ್ಥ. ಉತ್ತರಪದವು ಕಾಕಟೂ ಗಿಳಿಯ ತುರಾಯಿಯನ್ನು ನೆನಪಿಗೆ ತರುವ ಗಂಡಿನ ಬೆನ್ನುರೆಕ್ಕೆಯಿಂದ ಬಂದಿತು. 1951ರಲ್ಲಿ ಹೂಡೆಮಾನ್ ಎಂಬವನು ಹೀಗೆ ನಾಮಕರಣ ಮಾಡಿದನು. ಗಂಡು ಸುಮಾರು 8 ಸೆಂಟಿಮೀಟರ್, ಹೆಣ್ಣು 5. ಗಂಡಿಗೆ ಕಿಡಿಗೆಂಪಿನ ಬಾಲ. ಹೆಣ್ಣು ಸಾಮಾನ್ಯ ದಿನಗಳಲ್ಲಿ ಬೂದಿಯ ಬಣ್ಣದ ಬಡಪಾಯಿ. 2022ರ ಆಶ್ವಯುಜದಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ ಒಂದು ಜೋಡಿಯನ್ನು ತಂದೆನು.

ನಮ್ಮ ಬಯಲುಸೀಮೆಯಲ್ಲಿ ಇವನ್ನು ಸಾಕುವವನಿಗೆ ಮೊದಲ ತೊಡಕು ನೀರು. ಕೊಳವೆಬಾವಿಯ ನೀರು ಬಲು ಗಡಸು. ಪಾತ್ರೆಯ ತಳದಲ್ಲಿ ಬಿಳಿಯ ಹೊರೆ ಕಟ್ಟುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಈ ಜಾತಿಯು ಗಡಸನ್ನು ಸ್ವಲ್ಪ ಸಹಿಸುವುದಾದರೂ ಮೊಟ್ಟೆಗಳಿಗೆ ಮೆದುನೀರೇ ಹಿತ. ಆದುದರಿಂದ ತಾರಸಿಯ ಮಳೆನೀರನ್ನು ಪೀಪಾಯಿಯಲ್ಲಿ ಹಿಡಿದು, ಮುಕ್ಕಾಲು ಪಾಲು ಅದನ್ನೂ ಕಾಲು ಪಾಲು ಬಾವಿಯ ನೀರನ್ನೂ ಬೆರೆಸಿ, ಕಾಡುಬಾದಾಮಿಯ ಒಣಗಿದ ಎಲೆಗಳನ್ನು ಹಾಕಿದೆನು. ಎರಡು ದಿನಗಳಲ್ಲಿ ನೀರು ತಿಳಿಗಷಾಯದ ಬಣ್ಣಕ್ಕೆ ತಿರುಗುವುದು. “ಮನುಷ್ಯರಿಗೆ ಬೋರಿನ ನೀರು, ಮೀನಿಗೆ ಮಳೆಯ ತೀರ್ಥ” ಎಂದು ನನ್ನ ಪತ್ನಿಯು ಹೇಳಿದ ಮಾತಿಗೆ ಉತ್ತರವಿರಲಿಲ್ಲ. ಗೂಡಿಗಾಗಿ ತೆಂಗಿನ ಕರಟವೊಂದನ್ನು ಚೆನ್ನಾಗಿ ಕುದಿಸಿ, ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಬಾಯಿಯನ್ನು ಕೊರೆದು, ಮರಳಿನ ಮೇಲೆ ಬೋರಲಾಗಿ ಇಟ್ಟೆನು. ಅಂಗಡಿಯಲ್ಲಿ ಮಾರುವ ಮಣ್ಣಿನ ಗುಹೆಗಳಿಗಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ.

ಹೆಣ್ಣು ಮೊಟ್ಟೆಗೆ ಸಿದ್ಧವಾದಾಗ ಅದರ ಬೂದಿಬಣ್ಣವು ಒಂದೇ ದಿನದಲ್ಲಿ ಅಳಿದು, ಮೈಯೆಲ್ಲ ಅರಿಸಿನ ಹಚ್ಚಿದಂತಾಗಿ, ಕಣ್ಣಿನ ಮೇಲೆ ಕಾಡಿಗೆಯ ಗೆರೆಯು ಮೂಡುವುದು. ಗಂಡಿನ ಮುಂದೆ ಮೈಯನ್ನು ಬಿಲ್ಲಿನಂತೆ ಬಾಗಿಸಿ ಕರಟದ ಕಡೆಗೆ ಕರೆಯುವುದು. ಮೊಟ್ಟೆಗಳನ್ನು ನೆಲದ ಮೇಲಲ್ಲ, ಕರಟದ ಒಳಮಾಡಿಗೆ ತಲೆಕೆಳಗಾಗಿ ಅಂಟಿಸುವುದು. ಸಾಸಿವೆಗಿಂತ ಚಿಕ್ಕವು, ಇಟ್ಟಿಗೆಯ ಬಣ್ಣದವು, ಎಪ್ಪತ್ತರ ಆಸುಪಾಸು. ಅಲ್ಲಿಂದ ಮುಂದೆ ಗಂಡಿಗೆ ಒಳಗೆ ಪ್ರವೇಶವಿಲ್ಲ. ತನಗಿಂತ ಒಂದೂವರೆ ಪಟ್ಟು ದೊಡ್ಡದಾದ ಯಜಮಾನನನ್ನು ಈ ಪುಟ್ಟ ಹೆಣ್ಣು ಮೂಲೆಗೆ ಅಟ್ಟಿ, ರೆಕ್ಕೆಯನ್ನು ಹರಿದು ಹಾಕಿದ್ದರಿಂದ, ಅದನ್ನು ಬೇರೊಂದು ತೊಟ್ಟಿಗೆ ಸಾಗಿಸಬೇಕಾಯಿತು.

ಇಷ್ಟಾಗಿಯೂ ಮೊದಲ ಸಲದ ಮೊಟ್ಟೆಗಳನ್ನು ಎರಡನೆಯ ದಿನವೇ ತಾಯಿಯು ತಿಂದುಬಿಟ್ಟಿತು. ಮಾಘದಲ್ಲಿ ಮತ್ತೊಮ್ಮೆ ಇಟ್ಟಿತು. ಅವು ಒಡೆದು, ಬಾಲ ಮಾತ್ರ ಮಿಡಿಯುವ ಮರಿಗಳಾಗಿ, ನಾಳೆಯೋ ನಾಡಿದ್ದೋ ಈಜುವುವೆನ್ನುವಾಗ, ಒಂದು ಬೆಳಗ್ಗೆ ಕರಟವು ಬರಿದಾಗಿತ್ತು.

ಎಳೆಯ ತಾಯಂದಿರು ಮೊದಮೊದಲು ಹೀಗೆ ಮಾಡುವುದು ಅಪೂರ್ವವಲ್ಲ. ಇದಕ್ಕೆ ಮೀನು ಮಾರುವವರ ಬಳಿ ಒಂದು ಸಿದ್ಧವಾದ ಉಪಾಯವಿದೆ. ಮೊಟ್ಟೆಯಿಟ್ಟ ಮರುದಿನವೇ ಕರಟವನ್ನು ತೆಗೆದು ಬೇರೆ ಪಾತ್ರೆಯಲ್ಲಿಟ್ಟು, ಗಾಳಿಯ ಗುಳ್ಳೆಗಳನ್ನು ಹಾಯಿಸಿ, ಬೂಷ್ಟು ಹಿಡಿಯದಂತೆ ನೀಲಿಯ ಔಷಧಿಯನ್ನು ಒಂದೆರಡು ತೊಟ್ಟು ಬಿಟ್ಟರೆ, ತಾಯಿಯ ಹಂಗಿಲ್ಲದೆ ಬಹುಪಾಲು ಮರಿಗಳು ಬದುಕುವುವು. ವ್ಯಾಪಾರಕ್ಕೆ ಇದು ಸರಿ. ಆದರೆ ತಲೆಮಾರಿನಿಂದ ತಲೆಮಾರಿಗೆ ತಾಯಿಯನ್ನೇ ಕಾಣದೆ ಬೆಳೆದ ಮೀನುಗಳಲ್ಲಿ, ಮರಿಗಳನ್ನು ಸಾಕಬಲ್ಲ ತಾಯಿಗೂ ತಿನ್ನುವ ತಾಯಿಗೂ ಭೇದವೇ ಉಳಿಯುವುದಿಲ್ಲ. ಇಬ್ಬರ ಸಂತತಿಯೂ ಸಮವಾಗಿ ಬದುಕುವುದು. ಅಂಗಡಿಯ ಕೆಲವು ಜಾತಿಗಳು ಸಂತಾನಪಾಲನೆಯನ್ನೇ ಮರೆತಂತಿರುವುದು ಇದರಿಂದಲೇ ಎಂದು ಅನುಭವಿಗಳು ಅನೇಕರು ನಂಬಿರುವರು. ನನಗೂ ಅದು ಯುಕ್ತವೆಂದು ತೋರಿತು. ಪರೀಕ್ಷೆಯಲ್ಲಿ ತಪ್ಪುವ ಹುಡುಗನ ಕೈಯಿಂದ ಲೇಖನಿಯನ್ನು ಕಸಿದು ತಾನೇ ಉತ್ತರ ಬರೆದುಕೊಡುವ ಉಪಾಧ್ಯಾಯನನ್ನು ಯಾರು ಮೆಚ್ಚುವರು?

ನನ್ನ ಪತ್ನಿಯು ಈ ಉಪಮೆಯನ್ನು ಒಪ್ಪಲಿಲ್ಲ. “ಹುಡುಗ ನಪಾಸಾದರೆ ಮುಂದಿನ ವರ್ಷ ಕೂರುತ್ತಾನೆ. ಆ ಎಪ್ಪತ್ತು ಜೀವಕ್ಕೆ ಮುಂದಿನ ವರ್ಷ ಎಲ್ಲಿದೆ? ನಿಮ್ಮ ಮೀನಿಗೆ ತಾಯ್ತನ ಕಲಿಸುವುದಕ್ಕೆ ಇನ್ನೆಷ್ಟು ಬಲಿ ಬೇಕು?” ಎಂದಳು. ಹಾಗೆ ನೋಡಿದರೆ ಅವಳ ವಾದವು ನನ್ನದಕ್ಕಿಂತ ದುರ್ಬಲವಲ್ಲ. ಅಲ್ಲದೆ ಆ ಹೆಣ್ಣಿಗೆ ಅಂಗಡಿಯಿಂದ ಬಂದಾಗಲೇ ಒಂದು ವರ್ಷದ ಪ್ರಾಯವೆಂದು ಹೇಳಿದ್ದರು. ಇವುಗಳ ಆಯುಸ್ಸೇ ಎರಡು ಮೂರು ವರ್ಷ. ಕಾಯುತ್ತ ಕುಳಿತರೆ ಅದರ ವಂಶವೇ ಇಲ್ಲವಾಗಬಹುದಾಗಿತ್ತು. ನಾಲ್ಕು ದಿನ ಮನೆಯಲ್ಲಿ ಈ ಚರ್ಚೆ ನಡೆಯಿತು. 2023ರ ಚೈತ್ರದಲ್ಲಿ ಮೂರನೆಯ ಸಲ ಕರಟದ ಮಾಡು ಕೆಂಪಾದಾಗ ನಾನು ಅದನ್ನು ಮುಟ್ಟಲಿಲ್ಲ. ತೊಟ್ಟಿಯ ಮೂರು ಮಗ್ಗುಲಿಗೂ ಹಳೆಯ ಪಂಚೆಯನ್ನು ಇಳಿಬಿಟ್ಟು, ನಡುಮನೆಯಲ್ಲಿ ಮಕ್ಕಳು ಓಡಾಡದಂತೆ ಮಾಡಿದೆನು.

ಎಂಟನೆಯ ದಿನ ಬೆಳಗ್ಗೆ ತಾಯಿಯು ಹೊರಗೆ ಬಂದಿತು; ಅದರ ಹಿಂದೆ ಧೂಳಿನ ಮೋಡದಂತೆ ನಲವತ್ತರಷ್ಟು ಮರಿಗಳು. ಹಳೆಯ ದೃಷ್ಟಾಂತದ ಅರ್ಥ ನನಗಾದುದು ಆಗ. ತಾಯಿಯು ಮರಿಗಳನ್ನು ಮುಟ್ಟುವುದಿಲ್ಲ. ಒಂದು ಗೇಣು ದೂರದಲ್ಲಿ ನಿಂತು ನೋಡುತ್ತಿರುವುದು, ಅಷ್ಟೆ. ಮನುಷ್ಯನ ನೆರಳು ಬಿದ್ದೊಡನೆ ಅದರ ರೆಕ್ಕೆಗಳು ಒಮ್ಮೆ ಮಿಡಿಯುವುವು. ಮರಿಗಳೆಲ್ಲ ಒಟ್ಟಿಗೆ ಮರಳಿಗೆ ಬಿದ್ದು, ಮರಳೇ ಆಗಿಬಿಡುವುವು. ಮತ್ತೊಂದು ಬಗೆಯ ಮಿಡಿತಕ್ಕೆ ಎದ್ದು ಹಿಂಬಾಲಿಸುವುವು. ಸಂಜೆಯಾದೊಡನೆ ಎಲ್ಲವನ್ನೂ ಕರಟದೊಳಕ್ಕೆ ಹೊಗಿಸಿ, ಹಿಂದುಳಿದ ಒಂದೆರಡನ್ನು ಬಾಯಲ್ಲಿ ಹಿಡಿದು ತಂದು ಉಗಿಯುವುದು. ಎರಡು ತಿಂಗಳ ಹಿಂದೆ ಮರಿಗಳನ್ನು ನುಂಗಿದ ಬಾಯಿಯೂ ಅದೇ.

ಮರಿಗಳ ಆಹಾರದ ವಿಷಯವು ಸಸ್ಯಾಹಾರಿಗಳ ಮನೆಯಲ್ಲಿ ಸ್ವಲ್ಪ ಮುಜುಗರದ್ದು. ಆರ್ಟೀಮಿಯಾ ಎಂಬ ಉಪ್ಪುನೀರಿನ ಸೂಕ್ಷ್ಮಜೀವಿಯ ಮೊಟ್ಟೆಗಳು ಒಣಗಿದ ಪುಡಿಯಾಗಿ ಡಬ್ಬಿಗಳಲ್ಲಿ ಬರುವುವು; ಅಮೆರಿಕದ ಯೂಟಾ ಸಂಸ್ಥಾನದ ಮಹಾಲವಣಸರೋವರವು ಇವುಗಳಿಗೆ ಪ್ರಸಿದ್ಧ. ಉಪ್ಪುನೀರಿನಲ್ಲಿ ಹಾಕಿ ಗಾಳಿಯಾಡಿಸಿದರೆ ಒಂದು ಹಗಲಿರುಳಿನಲ್ಲಿ ಒಡೆದು ಕಿತ್ತಳೆಯ ಚುಕ್ಕೆಗಳಂತೆ ಈಜುವುವು. ಒಂದು ಜೀವವನ್ನು ಬದುಕಿಸಲು ದಿನಕ್ಕೆ ನೂರು ಜೀವಗಳನ್ನು ಹುಟ್ಟಿಸಿ ಕೊಲ್ಲಿಸುವ ಈ ಲೆಕ್ಕವನ್ನು ನಾನು ಯಾವ ಸ್ಮೃತಿಯಿಂದಲೂ ಸಮರ್ಥಿಸಲಾರೆನು. ಮತ್ಸ್ಯನ್ಯಾಯವೆಂಬ ಮಾತು ಸುಮ್ಮನೆ ಹುಟ್ಟಿದುದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳಿಗೆ ಹಾಕಬೇಕಾದ ಮೇವನ್ನು ವಿಸ್ತಾರವಾಗಿ ಹೇಳಿದೆ. ಆದರೆ ಅರಸನ ಆ ವಿನೋದವು ಗಾಳದಲ್ಲಿ ಮುಗಿಯತಕ್ಕದ್ದು.

ಆಷಾಢದ ವೇಳೆಗೆ ಇಪ್ಪತ್ಮೂರು ಮರಿಗಳು ಉಳಿದು ಬೆಳೆದುವು. ಬಣ್ಣ ಬಂದಾಗ ನೋಡಿದರೆ ಅವುಗಳಲ್ಲಿ ಹತ್ತೊಂಬತ್ತು ಗಂಡು; ಹೆಣ್ಣು ನಾಲ್ಕು ಮಾತ್ರ, ಅವೂ ಬಡಕಲು. ಇದು ಕಾಕತಾಳೀಯವೇನಲ್ಲ. ಈ ಮೀನುಗಳಲ್ಲಿ ಗಂಡುಹೆಣ್ಣುಗಳು ಮೊಟ್ಟೆಯಲ್ಲಿಯೇ ಪೂರ್ತಿ ನಿಶ್ಚಯವಾಗಿರುವುದಿಲ್ಲ. ಮೊದಲ ಕೆಲವು ವಾರಗಳ ನೀರಿನ ಉಷ್ಣತೆಯು ಅದನ್ನು ಓಲಿಸುವುದೆಂದೂ, ಬಿಸಿ ಹೆಚ್ಚಿದಷ್ಟೂ ಗಂಡುಗಳು ಹೆಚ್ಚುವುವೆಂದೂ ರೋಮರ್ ಮತ್ತು ಬೈಜೆನ್‌ಹರ್ಟ್ಸ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದರು. ಕೆಲವು ಜಾತಿಗಳಲ್ಲಿ ನೀರಿನ ಹುಳಿಯಂಶವೂ ಕಾರಣವಂತೆ. ಚೈತ್ರ ವೈಶಾಖಗಳಲ್ಲಿ ನಮ್ಮ ತೊಟ್ಟಿಯ ನೀರು 31 ಡಿಗ್ರಿಗೆ ಏರಿತ್ತು.

ಹತ್ತೊಂಬತ್ತು ಗಂಡುಗಳು ಒಂದು ತೊಟ್ಟಿಯಲ್ಲಿದ್ದರೆ ಯಾದವಕಲಹವೇ. ನನ್ನ ಹಳೆಯ ಶಿಷ್ಯನೊಬ್ಬನು ಬಂದು, “ಮೇಷ್ಟ್ರೇ, ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ” ಎಂದನು. ಇಂಥ ಪುಣ್ಯದಿಂದಲೇ ನಮ್ಮ ಕೆರೆಗಳು ಕೆಟ್ಟಿರುವುದು. 1952ರಲ್ಲಿ ನಮ್ಮ ದೇಶಕ್ಕೆ ತಂದ ಆಫ್ರಿಕದ ತಿಲಾಪಿಯವು, ಅದೂ ಇದೇ ಕುಲದ್ದು, ಊರೂರಿನ ಕೆರೆಗಳನ್ನು ಹೊಕ್ಕು ನಾಡಮೀನುಗಳ ಪಾಲನ್ನು ತಿನ್ನುತ್ತಿದೆ. ಗಾಜಿನ ತೊಟ್ಟಿಯಲ್ಲಿ ದೊಡ್ಡದಾಯಿತೆಂದು ಯಾರೋ ಬಿಟ್ಟ ಚಿಪ್ಪುಮೈಯ ಮೀನು ಬೆಂಗಳೂರಿನ ಕೆರೆಗಳಲ್ಲಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಮನುವು ಮೀನನ್ನು ಮಡಕೆಯಿಂದ ಹೊಂಡಕ್ಕೂ ಹೊಂಡದಿಂದ ಕಡಲಿಗೂ ಸಾಗಿಸಿದನೆಂಬುದು ನಿಜ; ಆದರೆ ಆ ಕಡಲು ಆ ಮೀನಿನದಾಗಿತ್ತು. ನನ್ನ ಗಂಡುಗಳು ಒಂದೊಂದಾಗಿ, ತೊಟ್ಟಿಯುಳ್ಳ ಮನೆಗಳಿಗೆ, ಕೆರೆಗೆ ಬಿಡಕೂಡದೆಂಬ ಮಾತನ್ನು ಪಡೆದು, ಕೊಡಲ್ಪಟ್ಟುವು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಕಾರ್ತಿಕದಲ್ಲಿ, ನೀರು 25 ಡಿಗ್ರಿಯಲ್ಲಿರುವಾಗ, ತಾಯಿಯು ನಾಲ್ಕನೆಯ ಸಲ ಮೊಟ್ಟೆಯಿಟ್ಟಿತು. ಮೈಯ ಅರಿಸಿನವು ಮೊದಲಿನಷ್ಟು ಗಾಢವಾಗಿರಲಿಲ್ಲ. ಬೆನ್ನು ತುಸು ಬಾಗಿತ್ತು. ಆದರೂ ಮರಿಗಳನ್ನು ಐದು ವಾರ ಕಾದು, ಮಾರ್ಗಶಿರದ ಒಂದು ಬೆಳಗ್ಗೆ ಕರಟದ ಬಾಯಲ್ಲಿ ಸತ್ತು ಬಿದ್ದಿತ್ತು. ಪತ್ನಿಯು ಅದನ್ನು ತುಳಸಿಯ ಪಕ್ಕದಲ್ಲಿ ಮಣ್ಣು ಮಾಡಿಸಿದಳು. ಉಳಿದ ಹದಿನೇಳು ಮರಿಗಳಲ್ಲಿ ಒಂಬತ್ತು ಹೆಣ್ಣಾದುವು. ಎರಡು ಸಲದ ಎಣಿಕೆಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಹೇಳಿದುದಕ್ಕೆ ಸರಿಹೊಂದಿತೆಂದಷ್ಟೇ ಬರೆಯುತ್ತೇನೆ.

ಆ ಹೆಣ್ಣುಗಳಲ್ಲಿ ಎರಡನ್ನು ನಾನೇ ಇರಿಸಿಕೊಂಡು, ಬೇರೆ ಮನೆಯಿಂದ ತಂದ ಗಂಡುಗಳ ಜೊತೆಗೆ ಬಿಟ್ಟೆನು. ಒಂದು ಮೊದಲ ಸಲವೇ ಮರಿಗಳನ್ನು ನಡೆಸಿಕೊಂಡು ಹೊರಗೆ ಬಂದಿತು. ಇನ್ನೊಂದು ಮೂರು ಸಲ ಇಟ್ಟು ಮೂರು ಸಲವೂ ತಿಂದಿತು. ನಾಲ್ಕನೆಯ ಸಲವಾದರೂ ಕರಟವನ್ನು ಹೊರತೆಗೆಯಬೇಕೆಂದು ಪತ್ನಿಯು ನೀಲಿಯ ಔಷಧಿಯ ಸೀಸೆಯನ್ನು ತರಿಸಿ ದೇವರಮನೆಯ ಗೂಡಿನಲ್ಲಿಟ್ಟಿದ್ದಳು. ಆ ಸಲ ತೆಗೆದೆವು. ಐವತ್ತೆರಡು ಬದುಕಿದುವು. ಅವನ್ನು ತಳಿಗೆ ಬಳಸಬೇಡಿರೆಂದು ಹೇಳಿಯೇ, ಕೇಳಿದವರಿಗೆ ಕೊಡುತ್ತಿದ್ದೇನೆ.